ಹುಟ್ಟಿದೂರು: ಗೊತ್ತಿಲ್ಲ

ಕುರುಗೋಡು
ವಿಕೃತಿ ಸಂವತ್ಸರ, ಮಾಘ ಶುದ್ಧ ಪಂಚಮಿ

ಈ ಕಾಗದವನ್ನು ಬಿಚ್ಚಿ ಓದುತ್ತಿರುವವರು ಯಾರೇ ಆಗಿರಲಿ, ನಿಮಗೆ ನಾಚಿಕೆಯಾಗಬೇಕು. ಮರಿಬಸಪ್ಪನೇ ಆಗಿದ್ದರೆ ಎರಡು ಪಾಲು ನಾಚಿಕೆಯಾಗಬೇಕು. ಮೂರು ಕಾಗದ ಬರೆದೆ, ಒಂದಕ್ಕೂ ಜವಾಬಿಲ್ಲ. ನನ್ನ ಮೊಮ್ಮಗ ಸತ್ತಿದ್ದರೆ ಯಾರಾದರೂ ಹೇಳಿ ಕಳಿಸುತ್ತಿದ್ದರು, ಬದುಕಿದ್ದರೆ ಅವನೇ ಬರೆಯುತ್ತಿದ್ದ. ಎರಡೂ ಇಲ್ಲವೆಂದ ಮೇಲೆ ಸಿರುಗುಪ್ಪದ ಅಂಚೆಯವನೋ ಸಾಲೆಯ ಜವಾನನೋ ನನ್ನ ಕಾಗದ ಒಡೆದು ಓದಿ ನಗುತ್ತಿರಬೇಕು. ನಗಿರಿ. ಅಕ್ಷರ ವಕ್ರವಾಗಿವೆ ಎಂದು ನನಗೂ ಕಾಣುತ್ತದೆ. ಐಗಳ ಮಠದಲ್ಲಿ ಅಣ್ಣನ ಬೆನ್ನ ಹಿಂದೆ ಕೂತು ಮರಳ ಮೇಲೆ ಎರಡು ವರ್ಷ ತಿದ್ದಿದ ಅಕ್ಷರ ಇವು. ಮೂರನೇ ವರ್ಷ ನನ್ನ ಕೈಗೆ ಬೀಸುಕಲ್ಲಿನ ಗೂಟ ಕೊಟ್ಟರು.

ಮರಿಬಸಪ್ಪ, ನೀನೇ ಓದುತ್ತಿದ್ದರೆ ಕೇಳು. ನಾನೂ ನಿನ್ನ ತಾಯಿ ಸಾವಂತ್ರಮ್ಮನೂ ಚೆನ್ನಾಗಿದ್ದೇವೆ. ನೀನು ಸಿರುಗುಪ್ಪದಲ್ಲಿ ಮೇಷ್ಟ್ರಾಗಿರುವುದು ನಿನ್ನ ಹೊಟ್ಟೆಪಾಡಿಗೆ ಮಾತ್ರವಲ್ಲ. ಅದೇ ಊರಲ್ಲಿ ನಿನ್ನ ತಂಗಿ ಕೊಟ್ರಬಸಮ್ಮ ಬಾಳುವೆ ಮಾಡುತ್ತಿದ್ದಾಳೆ ಎಂದೇ ನಿನ್ನನ್ನು ಅಲ್ಲಿಗೆ ಹೋಗಗೊಟ್ಟೆ. ಅವಳ ಬಸುರಿಗೆ ಈಗ ಆರು ತಿಂಗಳು ತುಂಬಿದೆ. ಏನು ತಿನ್ನುತ್ತಾಳೆ, ಕಾಲು ಬಾತಿದೆಯೇ, ಅತ್ತೆ ದೊಡ್ಡಬಸಮ್ಮ ನೀರು ಹೊರಿಸುತ್ತಾಳೋ, ಒಂದೂ ಸುದ್ದಿ ಇಲ್ಲ. ಅವಳ ಮಾವ ಚಿದಾನಂದಪ್ಪ ಮಾನಸ್ಥ, ಗಂಡ ವಿರೂಪಾಕ್ಷಪ್ಪ ಸಂಭಾವಿತ, ಅದು ನನಗೆ ಗೊತ್ತು. ಅತ್ತೆಯ ವಿಷಯ ಬರೆ. ಫಾಲ್ಗುಣದಲ್ಲಿ ಕುಬುಸ ಮಾಡಿ, ಹಸಿರು ಬಳೆ ಇಡಿಸಿ, ಚೊಚ್ಚಲ ಹೆರಿಗೆಗೆ ಇಲ್ಲಿಗೆ ಕರೆತರಬೇಕು.

ಮೊನ್ನೆ ತಳವಾರ ಜೋಗಪ್ಪ ಬಂದು ನಮ್ಮ ಬಾಗಿಲಿಗೆ ಕೆಮ್ಮಣ್ಣಿನಿಂದ ನಂಬರು ಬರೆದ. ನಾನು ಬಳಿದಿದ್ದ ವಿಭೂತಿ ಪಟ್ಟೆಯ ಮೇಲೆಯೇ ಬರೆದ.

"ಏನಲೇ ಜೋಗಪ್ಪ, ನನ್ನ ಬಾಗ್ಲಾನ ಬೇಕಾಗಿತ್ತೇನು ನಿನಗ?"

"ಸರಕಾರದ ಹುಕುಂ ಐತವ್ವ. ಮದ್ಲು ಮನಿ ಎಣಸ್ತಾರ, ಆಮ್ಯಾಲ ಮಂದೀನ ಎಣಸ್ತಾರ. ಖಾನೇಸುಮಾರಿ ಅಂತ."

"ಎಣಿಸಾಕ ನಾವೇನು ಕುರೀನು? ಯಾವ್ದು ಕಳದೈತಂತ?"

"ನನಗೇನು ಗೊತ್ತವ್ವ? ನನ್ನೂ ಎಣಸ್ತಾರ."

ನೀನೂ ಅಲ್ಲಿ ಅದೇ ಕೆಲಸಕ್ಕೆ ನಿಂತಿದ್ದೀಯಂತೆ, ಬಂಡಿ ಪಕ್ಕೀರಪ್ಪ ಹೇಳಿದ. ಒಂದು ಮಾತು. ನಿನ್ನ ತಂಗಿಯ ಮನೆ ಇರುವ ಓಣಿ ನಿನ್ನ ಪಾಲಿಗೆ ಬಂದರೆ ಬೇರೆಯವನಿಗೆ ಬಿಟ್ಟುಬಿಡು. ರೂಪನಗುಡಿಯ ವಿಷಯ ನಿನಗೆ ಗೊತ್ತಿದೆ, ನಿನ್ನ ತಾಯಿಗೆ ಗೊತ್ತಿದೆ, ನನಗೆ ಗೊತ್ತಿದೆ. ನಾಲ್ಕನೆಯವರಿಗೆ ಬೇಡ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಅಂಚೆಯವನು ಓದುತ್ತಿರಬಹುದು.

ನಿನ್ನ ಅಜ್ಜಿ,
ಚನ್ನವೀರಮ್ಮ

*

ಸಿರುಗುಪ್ಪ
ತಾ. ೩ ಮಾರ್ಚಿ ೧೮೯೧

ಪೂಜ್ಯ ಅಜ್ಜಿಯವರ ಪಾದಗಳಿಗೆ ಮರಿಬಸಪ್ಪನ ಶರಣಾರ್ಥಿಗಳು.

ನಿಮ್ಮ ಕಾಗದ ಓದಿದವನು ನಾನೇ. ಅಂಚೆಯವನು ನಿರಪರಾಧಿ. ಬೆಳಿಗ್ಗೆ ಸಾಲೆ, ಮಧ್ಯಾಹ್ನದ ಮೇಲೆ ಖಾನೇಸುಮಾರಿ ಎಂದು ಎರಡು ತಿಂಗಳು ಕಾಲು ನಿಲ್ಲಲಿಲ್ಲ. ಹೋದ ಗುರುವಾರ ಕಡೆಯ ಎಣಿಕೆ ಮುಗಿಯಿತು.

ಅಜ್ಜಿ, ನೀವು ಕುರಿ ಎಣಿಸಿದ ಹಾಗೆ ಎಂದು ಬರೆದಿರಿ. ನನಗೆ ಹಾಗನ್ನಿಸಲಿಲ್ಲ. ನನ್ನ ಪಾಲಿಗೆ ಬಂದದ್ದು ಅರವತ್ತೊಂದು ಮನೆ. ಮೊದಲ ಮನೆಯಲ್ಲಿ ಕನ್ನಡ, ಪಕ್ಕದ್ದರಲ್ಲಿ ತೆಲುಗು, ಎದುರು ಮನೆಯಲ್ಲಿ ಹಿಂದೂಸ್ಥಾನಿ. ಹೊಳೆಯಾಚೆ ನಿಜಾಮರ ಸೀಮೆಯಲ್ಲಿ ಹುಟ್ಟಿ ಸೊಸೆಯಾಗಿ ಈ ದಡಕ್ಕೆ ಬಂದವರೇ ಹನ್ನೊಂದು ಜನ. ಮೂಲೆಮನೆಯ ಮುದುಕ ದರ್ಜಿಯನ್ನು ಮನೆಮಾತು ಯಾವುದು ಎಂದು ಕೇಳಿದೆ. "ಏಳು ತಲಿಯಿಂದ ಇಲ್ಲೇ ಅದೀವ್ರಿ. ಮನ್ಯಾಗ ಮರಾಠಿ ಆಡ್ತೀವಿ, ಬೈಯಾಕ ಮಾತ್ರ ಕನ್ನಡ. ಯಾವ್ದರ ಬರಕೊಳ್ರಿ," ಎಂದ. ಇಡೀ ಓಣಿ ನಕ್ಕಿತು.

ಮದ್ರಾಸು, ಮುಂಬಯಿ, ಕಲ್ಕತ್ತೆ, ಪಂಜಾಬು, ಎಲ್ಲ ಕಡೆಯೂ ಒಂದೇ ದಿನ ಇದೇ ಪ್ರಶ್ನೆಗಳನ್ನು ಕೇಳಿದ್ದಾರೆ. ನನ್ನಂಥ ಮೇಷ್ಟ್ರು ಒಬ್ಬ ಅಲ್ಲಿಯೂ ಕಟ್ಟೆಯ ಮೇಲೆ ಕೂತು ಇಂಥದೇ ದರ್ಜಿಯನ್ನು ಕೇಳಿರಬೇಕು. ನಾವೆಲ್ಲ ಒಂದು ದೇಶದವರು ಎಂಬ ಮಾತನ್ನು ಬಳ್ಳಾರಿಯ ಸಭೆಗಳಲ್ಲಿ ಕೇಳಿದ್ದೆ. ಕಣ್ಣಿಗೆ ಕಂಡದ್ದು ಆ ಪುಸ್ತಕದ ಹಾಳೆಯ ಮೇಲೆ.

ಕೊಟ್ರಬಸಮ್ಮ ಕ್ಷೇಮ. ಅವರ ಮನೆಯನ್ನೂ ಬರೆದುಕೊಂಡದ್ದಾಯಿತು. ನಿಮ್ಮನ್ನು ಒಂದು ಮಾತು ಕೇಳುವುದಿದೆ, ಎದುರಿಗೆ ಬಂದಾಗ ಕೇಳುತ್ತೇನೆ.

ನಿಮ್ಮ ಮೊಮ್ಮಗ,
ಮರಿಬಸಪ್ಪ

*

ಕುರುಗೋಡು
ಫಾಲ್ಗುಣ ಶುದ್ಧ ತದಿಗೆ

ಚಿರಂಜೀವಿ ಮರಿಬಸಪ್ಪನಿಗೆ ಅಜ್ಜಿಯ ಆಶೀರ್ವಾದ.

ದರ್ಜಿಗೆ ಎಂಟು ಸಾಲು, ತಂಗಿಗೆ ಒಂದು ಸಾಲು. ಕಲ್ಕತ್ತೆಯ ಮೇಷ್ಟ್ರ ಸುದ್ದಿ ನನಗೆ ಯಾಕೆ? ಕಾಲು ಬಾತಿದೆಯೇ ಎಂದು ಕೇಳಿದ್ದೆ.

ನೀನು ಏನೋ ಮುಚ್ಚಿಡುತ್ತಿದ್ದೀ. ಏನೆಂದು ನಾನು ಊಹಿಸಿದ್ದೇನೆ. ದೊಡ್ಡಬಸಮ್ಮ ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲ. ಬೀಗರ ಮನೆಯ ವಿಷಯ ಬರೆದರೆ ನಾನು ಬಂಡಿ ಕಟ್ಟಿಸಿಕೊಂಡು ಬಂದು ಅವಳ ಅಂಗಳದಲ್ಲಿ ನಿಲ್ಲುತ್ತೇನೆ ಎಂದು ನಿನಗೆ ಹೆದರಿಕೆ. ಹೆದರಬೇಡ. ಕುಬುಸ ಆಗುವ ತನಕ ಬಾಯಿಗೆ ಹೊಲಿಗೆ ಹಾಕಿಕೊಂಡಿರುತ್ತೇನೆ, ಆಮೇಲೆ ನೋಡೋಣ. ಪಕ್ಕೀರಪ್ಪನ ಬಂಡಿಯಲ್ಲಿ ಅಂಟಿನುಂಡೆ, ಕೊಬ್ಬರಿ, ಒಂದು ಗಡಿಗೆ ತುಪ್ಪ ಕಳಿಸಿದ್ದೇನೆ. ಅವಳ ಕೈಗೇ ಕೊಡು. ಅತ್ತೆಯ ಕೈಗೆ ಕೊಟ್ಟೀಯೆ ಜೋಕೆ.

ಹುಣ್ಣಿಮೆ ಕಳೆದ ಮೂರನೇ ದಿನ ಕುಬುಸಕ್ಕೆ ದಿನ ನೋಡಿಸಿದ್ದೇನೆ. ಬಳೆಗಾರನಿಗೆ ಹೇಳಿದ್ದಾಗಿದೆ. ಕುಬುಸದ ಖಣವನ್ನು ನಿನ್ನ ತಾಯಿ ನಾಲ್ಕು ಅಂಗಡಿ ಹತ್ತಿ ಇಳಿದು ತಂದಿದ್ದಾಳೆ, ಗಿಣಿ ಹಸಿರು, ಕೆಂಪು ಅಂಚು. ಬಂಡಿ ಯಾವತ್ತು ಕಳಿಸಲಿ, ಚಿದಾನಂದಪ್ಪನವರನ್ನು ಕೇಳಿ ಬರೆ.

ಎದುರಿಗೆ ಕೇಳುವ ಮಾತು ಏನದು? ಹೆಣ್ಣು ನೋಡಬೇಕೆಂದೇನು? ಅಷ್ಟಕ್ಕೆ ಇಷ್ಟು ಮರ್ಯಾದೆ ಬೇಕಿಲ್ಲ.

ಚನ್ನವೀರಮ್ಮ

*

ಸಿರುಗುಪ್ಪ
ತಾ. ೨೪ ಮಾರ್ಚಿ ೧೮೯೧

ಅಜ್ಜಿಗೆ ಶರಣಾರ್ಥಿ. ಬಂಡಿ ಕಳಿಸಬೇಡಿರಿ. ಅವರೇ ಕಳಿಸಿಕೊಡುತ್ತಾರೆ. ತುಪ್ಪದ ಗಡಿಗೆ ನನ್ನಲ್ಲಿಯೇ ಉಳಿಯಿತು.

ಮರಿಬಸಪ್ಪ

*

ಕುರುಗೋಡು
ಫಾಲ್ಗುಣ ಬಹುಳ ಪಂಚಮಿ

ಮರಿಬಸಪ್ಪನಿಗೆ.

ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ. ನಿನ್ನ ಕಾರ್ಡು ಬಂದ ಮರುದಿನವೇ ಅವಳು ಬಂದಳು. ಚಿದಾನಂದಪ್ಪನ ಆಳು ಬಂಡಿ ಹೊಡೆದುಕೊಂಡು ಬಂದ. ಅವಳ ಟ್ರಂಕು ಇಳಿಸಿದ. ಮದುವೆಯಲ್ಲಿ ನಾವು ಕೊಟ್ಟ ಹಂಡೆ ಇಳಿಸಿದ, ಕೊಡ ಇಳಿಸಿದ, ತಾಟು ಲೋಟ ಎಲ್ಲ ಇಳಿಸಿದ. ಹೆರಿಗೆಗೆ ಬರುವವಳು ಹಂಡೆ ಹೊತ್ತುಕೊಂಡು ಬರುತ್ತಾಳೇನೋ? ಕುಬುಸವಿಲ್ಲ, ಕೈಯಲ್ಲಿ ಹಸಿರು ಬಳೆ ಇಲ್ಲ. ಆಳು ನೀರು ಸಹ ಕುಡಿಯದೆ ಎತ್ತು ತಿರುಗಿಸಿದ.

ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದೆ. ನೀನು ಅವರ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತಿದ್ದೆಯಂತೆ. ಚಿದಾನಂದಪ್ಪನದು ಬರೆದೆ, ಹೆಂಡತಿಯದು ಬರೆದೆ, ಮಗನದು ಬರೆದೆ. ನಿನ್ನ ತಂಗಿಯದು ಬಂದಾಗ ಲೇಖನಿ ಎತ್ತಿ ಹಿಡಿದು ಕೂತುಬಿಟ್ಟೆಯಂತೆ.

"ಯಾಕೋ ಮೇಷ್ಟ್ರ, ತಂಗಿ ಹುಟ್ಟಿದೂರು ಮರತಿಯೇನು?" ಎಂದು ಚಿದಾನಂದಪ್ಪ ಹಾಸ್ಯ ಮಾಡಿದನಂತೆ.

ಅದಕ್ಕೆ ನೀನು, "ಗೊತ್ತಿಲ್ಲ ಅಂತ ಬರಕೋತೀನ್ರಿ ಮಾವಾರ" ಎಂದೆಯಂತೆ. ಓಣಿಯ ಮಂದಿ ಮೊದಲು ನಕ್ಕರಂತೆ, ಆಮೇಲೆ ಸುಮ್ಮನಾದರಂತೆ.

ಹೀಗಂದು ನೀನು ಎದ್ದು ಬಂದೆ. ಆ ಮನುಷ್ಯ ಸುಮ್ಮನೆ ಇರುತ್ತಾನೆಯೇ? ನಮ್ಮ ಹಳೆಯ ಊರು ರೂಪನಗುಡಿ ಎಂದು ಅವನಿಗೆ ಗೊತ್ತು. ಬಂಡಿ ಕಟ್ಟಿಸಿಕೊಂಡು ಅಲ್ಲಿಗೆ ಹೋಗಿದ್ದಾನೆ. ಚನ್ನವೀರಮ್ಮನ ಮೊಮ್ಮಗಳು ಕೊಟ್ರಬಸಮ್ಮ ಎಂಬುವಳು ಧಾತು ಸಂವತ್ಸರದ ಬರದಲ್ಲಿ ಮೂರು ವರ್ಷದ ಕೂಸಾಗಿ ಸತ್ತಳು, ಮಣ್ಣು ಮಾಡುವಾಗ ನಾನೂ ಇದ್ದೆ ಎಂದು ಅಲ್ಲಿಯ ಮುದುಕ ಒಬ್ಬ ಹೇಳಿದ್ದಾನೆ. ದೊಡ್ಡಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸತ್ತ ಕೂಸಿನ ಹೆಸರು ಇಟ್ಕೊಂಡಾಕಿ ನಮ್ಮ ಒಲಿ ಹಚ್ಚಾಕತ್ಯಾಳ" ಎಂದಳಂತೆ.

ಹದಿನಾಲ್ಕು ವರ್ಷ ನಾನು ಕಟ್ಟಿದ್ದನ್ನು ನೀನು ಒಂದು ಮಾತಿನಲ್ಲಿ ಕೆಡವಿದೆ. ಆ ಕೂಸಿಗೆ ಐಗಳನ್ನು ಕರೆಸಿ ಲಿಂಗ ಕಟ್ಟಿಸಿದ್ದೇನೆ. ಲಿಂಗ ಕಟ್ಟಿದ ಮೇಲೆ ಹಿಂದಿನದನ್ನು ಕೇಳಬಾರದು, ಕೇಳಿದವನೇ ಹೊರಗಿನವನು ಎಂದು ನನಗೆ ನನ್ನ ಅಜ್ಜಿ ಹೇಳಿದ್ದಳು. ನಿನ್ನ ಸರಕಾರಕ್ಕೆ ಆ ಮಾತು ಗೊತ್ತಿಲ್ಲದಿದ್ದರೆ ನಿನಗೂ ಗೊತ್ತಿರಲಿಲ್ಲವೇ? ಬ್ಯಾಡ ಎಂದು ಬರೆದಿದ್ದೆನಲ್ಲೋ!

ಅವಳು ಅಳುವುದಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಎಡಗೈಯ ಹಚ್ಚೆ ನೋಡುತ್ತ ಕೂತಿರುತ್ತಾಳೆ. ನಿನ್ನೆ ಕೇಳಿದಳು, "ಅಜ್ಜಿ, ನಾನು ಯಾರಾಕಿ?"

"ನನ್ನಾಕಿ," ಎಂದೆ.

"ಅದು ಗೊತ್ತೈತಿ. ಅದಕ್ಕ ಮುಂಚೆ?"

ನಾನು ಎದ್ದು ಹೋಗಿ ಒಲೆ ಊದಿದೆ.

ನಾಳೆಯೇ ಚಿದಾನಂದಪ್ಪನ ಮನೆಗೆ ಹೋಗು. ಬರೆಯುವಾಗ ತಪ್ಪಿತು ಎನ್ನು. ತಲೆ ತಿರುಗಿತ್ತು ಎನ್ನು. ರೂಪನಗುಡಿಯ ಮುದುಕನಿಗೆ ಅರಳುಮರಳು ಎನ್ನು.

ಚನ್ನವೀರಮ್ಮ

*

ಬಳ್ಳಾರಿ
ತಾ. ೨೭ ಏಪ್ರಿಲು ೧೮೯೧

ಪೂಜ್ಯ ಅಜ್ಜಿಗೆ ಮರಿಬಸಪ್ಪನ ಶರಣಾರ್ಥಿಗಳು.

ಖಾನೇಸುಮಾರಿಯ ಪುಸ್ತಕಗಳನ್ನು ತಾಳೆ ನೋಡಿ ಮದ್ರಾಸಿಗೆ ಕಳಿಸುವ ಕೆಲಸಕ್ಕೆ ನನ್ನನ್ನು ಬಳ್ಳಾರಿಗೆ ಕರೆಸಿದ್ದಾರೆ. ಅದಕ್ಕೇ ತಡವಾಯಿತು ಎಂದು ಬರೆಯಬಹುದಿತ್ತು. ನಿಜ ಅದಲ್ಲ. ಆರು ಸಲ ಬರೆದು ಹರಿದೆ.

ಅವರ ಓಣಿಯನ್ನು ನಾನು ಬರೆದುಕೊಂಡದ್ದು ಫೆಬ್ರವರಿಯ ಮೊದಲ ವಾರ. ಬೇಡವೆಂಬ ನಿಮ್ಮ ಕಾಗದ ಬರುವಾಗ ಆದದ್ದು ಆಗಿಹೋಗಿತ್ತು. ಅದನ್ನು ನಿಮ್ಮಿಂದ ಮುಚ್ಚಿಟ್ಟೆ. ಯಾರೂ ಮನಸ್ಸಿಗೆ ತೆಗೆದುಕೊಳ್ಳಲಿಕ್ಕಿಲ್ಲ ಎಂದುಕೊಂಡೆ.

ಸರಕಾರಕ್ಕೆ ಹೆದರಿ ಹಾಗೆ ಮಾಡಿದೆ ಎಂದು ತಿಳಿದಿರುತ್ತೀರಿ. ಹಾಗಲ್ಲ ಅಜ್ಜಿ. "ಕೊಟ್ರಬಸಮ್ಮ, ಹೆಣ್ಣು, ಹದಿನೆಂಟು ವರ್ಷ" ಎಂದು ಬರೆದೆ. ಹುಟ್ಟಿದೂರು ಎಂಬ ಅಂಕಣಕ್ಕೆ ಬಂದೆ. ರೂಪನಗುಡಿ ಎಂದು ಬರೆಯಲು ಲೇಖನಿ ಊರಿದೆ. ಆಗ ನಮ್ಮ ಕೊಟ್ರಬಸಮ್ಮ ನೆನಪಾದಳು. ರೂಪನಗುಡಿಯಲ್ಲಿ ಹುಟ್ಟಿದವಳು ಅವಳು. ನನ್ನ ಬೆನ್ನ ಮೇಲೆ ಹುಟ್ಟಿದ ಸ್ವಂತ ತಂಗಿ. ಅಪ್ಪ ಸತ್ತ ತಿಂಗಳಲ್ಲೇ ಅವಳೂ ಹೋದಳು, ಹುಣಸೆಮರದ ಕೆಳಗೆ ಅವಳನ್ನು ಮಣ್ಣು ಮಾಡಿದೆವು. ಅವಳ ಹೆಸರನ್ನು ಇವಳಿಗೆ ಇಟ್ಟೆವು, ಅವಳ ಬೆಳ್ಳಿ ಉಡಿದಾರ ಇವಳಿಗೆ ಹಾಕಿದೆವು. ಈಗ ಅವಳು ಹುಟ್ಟಿದ ಊರನ್ನೂ ಇವಳಿಗೆ ಕೊಟ್ಟುಬಿಟ್ಟರೆ ಅವಳು ಹುಟ್ಟಲೇ ಇಲ್ಲ ಎಂದಾಗುತ್ತದೆ ಎನಿಸಿತು.

ಇವಳ ಕಡೆ ನೋಡಿದೆ. ಇವಳಿಗೂ ಒಬ್ಬ ತಾಯಿ ಇದ್ದಳು. ಬರದ ರಸ್ತೆ ಕೆಲಸದಲ್ಲಿ ವಾಂತಿಭೇದಿಯಾಗಿ ಬಿದ್ದವಳನ್ನು ಬಳ್ಳಾರಿಯ ಆಸ್ಪತ್ರೆ ಗುಡಿಸಲಿಗೆಂದು ಬಂಡಿಗೆ ಎತ್ತಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಕೂಸನ್ನು ಯಾರೂ ಎತ್ತಲಿಲ್ಲ. ಜಲ್ಲಿಯ ರಾಶಿಯ ಪಕ್ಕ ಕೂತಿದ್ದ ಅದರ ಕೈ ಹಿಡಿದು ಮನೆಗೆ ಕರೆತಂದವನು ನಾನು, ಹತ್ತು ವರ್ಷದವನು. ಮೂರು ದಿನ ಅದು ತೆಲುಗಿನಲ್ಲಿ ತಾಯನ್ನು ಕರೆಯಿತು. ನಾಲ್ಕನೇ ದಿನ ನಿಮ್ಮನ್ನು "ಅಜ್ಜಿ" ಎಂದಿತು, ನೀವು ಅತ್ತಿರಿ. ಆ ತಾಯಿ ಸತ್ತಳೋ ಬದುಕಿದಳೋ, ಅವಳ ಊರು ಯಾವುದೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಅಷ್ಟೇ. ನನ್ನ ಇಬ್ಬರು ತಂಗಿಯರಿಗೂ ಮೋಸವಾಗಬಾರದು ಎಂದು ಮಾಡಿದ್ದು, ಬದುಕಿರುವವಳಿಗೆ ಕೇಡಾಯಿತು.

ಚಿದಾನಂದಪ್ಪನವರಲ್ಲಿಗೆ ಹೋಗಿದ್ದೆ. ನೀವು ಹೇಳಿಕೊಟ್ಟ ಸುಳ್ಳು ನಾಲಿಗೆಗೆ ಬರಲಿಲ್ಲ, ಇದ್ದದ್ದನ್ನೇ ಹೇಳಿದೆ. ಅವರು ಎಲ್ಲ ಕೇಳಿದರು. ಆಮೇಲೆ ಅಂದದ್ದು ಇಷ್ಟು: "ಲಿಂಗ ಐತಿ ಅಂದಮ್ಯಾಲ ಕುಲ ಕೇಳಾಂಗಿಲ್ಲ, ಅದು ನನಗೂ ಗೊತ್ತೈತಿ ಮೇಷ್ಟ್ರ. ಆದ್ರ ನಿಮ್ಮಜ್ಜಿ ನನಗ ಸತ್ತಾಕಿ ಹೆಸರು ಹೇಳಿ ಹೆಣ್ಣು ಕೊಟ್ಲು. ಈಕಿ ಇಂಥಾಕಿ, ಇಂಥಲ್ಲಿಂದ ಬಂದಾಕಿ ಅಂತ ಒಂದ್ ಬಾಯಿಯರ ನಿಜಾ ಹೇಳ್ಲಿ. ಯಾರ ಮಗಳಾಗಿರ್ಲಿ, ಮಗಳು ಅಂದ್ರ ಸಾಕು. ಎಲ್ಲಿಂದ್ಲೂ ಬಂದಿಲ್ಲ ಅನ್ನಾಕೀನ ಹ್ಯಾಂಗ ಒಳಗ ಕರಕೊಳ್ಳಿ?"

ವಿರೂಪಾಕ್ಷಪ್ಪ ನನ್ನನ್ನು ಊರ ಹೊರಗಿನ ತನಕ ಬಿಡಲು ಬಂದ. ಹೆಂಡತಿ ಉಪ್ಪಿನಕಾಯಿಯ ಭರಣಿ ಬಿಟ್ಟುಹೋಗಿದ್ದಾಳೆ, ಬೇಕಾಗಬಹುದು ಎಂದು ನನ್ನ ಕೈಗೆ ಕೊಟ್ಟ.

ಎದುರಿಗೆ ಕೇಳುತ್ತೇನೆ ಎಂದಿದ್ದ ಮಾತು ಇದು. ಅವಳ ತಾಯಿಯ ವಿಷಯ ನಿಮಗೆ ಏನಾದರೂ ಗೊತ್ತಿದೆಯೇ? ಸಿರುಗುಪ್ಪದ ಪುಸ್ತಕ ಇವತ್ತು ನನ್ನ ಮೇಜಿನ ಮೇಲಿದೆ. "ಗೊತ್ತಿಲ್ಲ" ಎಂಬುದನ್ನು ಹೊಡೆದು ಹಾಕಿ ಬೇರೆ ಬರೆಯಲು ಒಂದು ಕ್ಷಣ ಸಾಕು. ಏನು ಬರೆಯಲಿ, ನೀವೇ ಹೇಳಿರಿ.

ಮರಿಬಸಪ್ಪ

*

ಕುರುಗೋಡು
ಖರ ಸಂವತ್ಸರ, ವೈಶಾಖ ಶುದ್ಧ ದಶಮಿ

ಮರಿಬಸಪ್ಪ,

ಕೂಸು ಹುಟ್ಟಿದೆ. ಹೆಣ್ಣು. ಚೈತ್ರ ಬಹುಳದಲ್ಲಿ, ಮಂಗಳವಾರ ಬೆಳಿಗ್ಗೆ, ಹಾಲು ಕಾಯಿಸುವ ಹೊತ್ತಿಗೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಐಗಳು ಬಂದು ಕೂಸಿಗೆ ಲಿಂಗ ಕಟ್ಟಿದರು. ಹದಿಮೂರನೇ ದಿನಕ್ಕೆ ತೊಟ್ಟಿಲು ಏರಿಸಲಿಲ್ಲ, ಹೆಸರಿಡಲಿಲ್ಲ. ಯಾಕೆಂದು ಬರೆಯುತ್ತೇನೆ. ನಿಧಾನವಾಗಿ ಬರೆಯುತ್ತೇನೆ. ಈ ಕಾಗದವನ್ನು ನೀನು ಕೂತು ಓದು.

ನೀನು ಕೇಳಿದ್ದು ನನಗೆ ಗೊತ್ತಿದೆ. ಹದಿಮೂರು ವರ್ಷದಿಂದ ಗೊತ್ತಿದೆ. ನಿನಗೂ ಹೇಳಲಿಲ್ಲ, ನಿನ್ನ ತಾಯಿಗೂ ಹೇಳಲಿಲ್ಲ.

ರೂಪನಗುಡಿ ಬಿಟ್ಟು ಇಲ್ಲಿಗೆ ಬಂದ ಮಾರನೇ ವರ್ಷ, ಬಹುಧಾನ್ಯ ಸಂವತ್ಸರ, ಕಾರಹುಣ್ಣಿಮೆಗೆ ಎರಡು ದಿನ ಇತ್ತು. ನೀನು ಎತ್ತಿನ ಕೋಡಿಗೆ ಬಳಿಯಲು ಬಣ್ಣ ತರುತ್ತೇನೆಂದು ಹೋಗಿದ್ದೆ, ನಿನ್ನ ತಾಯಿ ಬಾವಿಗೆ ಹೋಗಿದ್ದಳು. ಒಬ್ಬಳು ಬಂದು ಬಾಗಿಲಲ್ಲಿ ನಿಂತಳು. ತಲೆ ಬೋಳಾಗಿ ಕೂದಲು ಆಗ ಚಿಗುರುತ್ತಿತ್ತು. ಅಂಗೈ ಎಲ್ಲ ಕಲ್ಲು ಒಡೆದು ಒಡೆದು ಬಿರಿದಿತ್ತು. "ನಾ ಬಿಡ್ಡ ಎಕ್ಕಡಮ್ಮಾ?" ಎಂದಳು. ತೆಲುಗು ನನಗೆ ಬರುತ್ತದೆ, ಆದರೂ ನನ್ನ ಕೂಸು ಎಲ್ಲಿ ಎಂದು ಕೇಳುತ್ತಿದ್ದಾಳೆಂದು ಅರ್ಥವಾಗಲು ತೆಲುಗು ಬೇಕಿರಲಿಲ್ಲ. ಗುತ್ತಿಯ ಆಚೆಯವಳಂತೆ, ಕಲ್ಲು ಒಡೆಯುವ ಜನ. ಗಂಡ ರಸ್ತೆಯಲ್ಲೇ ಸತ್ತನಂತೆ, ಇವಳು ಹೇಗೋ ಬದುಕಿದಳಂತೆ. ಆಸ್ಪತ್ರೆಯಿಂದ ಎದ್ದು ಊರೂರು ಕೇಳುತ್ತ ರೂಪನಗುಡಿಗೆ ಹೋಗಿ, ಅಲ್ಲಿ ಯಾರೋ ಒಬ್ಬ ಹುಡುಗ ಕೂಸನ್ನು ಕರೆದೊಯ್ದ ಎಂದು ತಿಳಿದು, ನಮ್ಮ ಮನೆ ಎಲ್ಲಿಗೆ ಹೋಯಿತೆಂದು ವಿಚಾರಿಸಿ ಇಲ್ಲಿಗೆ ಬಂದಿದ್ದಳು. ಎಡಗೈ ಚಾಚಿ ತೋರಿಸಿದಳು. ಒಳಗೈ ಮೇಲೆ ಚೇಳಿನ ಹಚ್ಚೆ. ತನ್ನ ಮಗಳಿಗೂ ಅಲ್ಲೇ ಅಂಥದೇ ಚೇಳು ಹಾಕಿಸಿದ್ದೇನೆ ಎಂದಳು.

ಮಗಳು ಒಳಗೆ ಮಲಗಿದ್ದಳು. ಅವಳ ಚೇಳಿನ ಮೇಲೆ ನಾನು ಆಗಲೇ ಹಚ್ಚೆ ಹಾಕುವ ಕೊರವಿಯನ್ನು ಕರೆಸಿ ಎಲೆಬಳ್ಳಿ ಹಾಕಿಸಿದ್ದೆ. ನೋವಿಗೆ ಅವಳು ಕೂಗಿದ್ದು ನಿನಗೆ ನೆನಪಿರಬೇಕು. ಎಲ್ಲ ಹೆಣ್ಣುಮಕ್ಕಳಿಗೂ ಹಾಕಿಸುತ್ತಾರೆ ಎಂದು ನಿನಗೆ ಹೇಳಿದ್ದೆ.

ನಾನು ಆ ಹೆಂಗಸಿಗೆ, ಸತ್ತಿತು ಎಂದೆ.

ಒಂದು ವರ್ಷದ ಹಿಂದೆ ಮಗನನ್ನೂ ಮೊಮ್ಮಗಳನ್ನೂ ಮಣ್ಣು ಮಾಡಿದ್ದೆ. ಶಿವ ಒಂದನ್ನು ತೆಗೆದು ಒಂದನ್ನು ಕೊಟ್ಟ ಎಂದುಕೊಂಡಿದ್ದೆ. ಕೊಟ್ಟದ್ದನ್ನೂ ಕೇಳಲು ಇವಳು ಬಂದಳಲ್ಲ ಎಂದು ಸಿಟ್ಟು ಬಂತು. ಹೌದು, ಸಿಟ್ಟೇ. ಇವಳ ಜೊತೆ ಹೋದರೆ ಕಲ್ಲು ಹೊರುತ್ತದೆ, ಇಲ್ಲಿದ್ದರೆ ಲಿಂಗವಂತರ ಮನೆಯ ಮಗಳಾಗಿ ಉಣ್ಣುತ್ತದೆ ಎಂದು ಆಮೇಲೆ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಕ್ಷಣಕ್ಕೆ ಅದೇನೂ ಇರಲಿಲ್ಲ.

ಅವಳು ಕೂಗಾಡಲಿಲ್ಲ. "ಎಲ್ಲಿ ಇಟ್ಟಿರಿ?" ಎಂದಷ್ಟೇ ಕೇಳಿದಳು. ಆಗ ನಾನು ಮಾಡಿದ್ದನ್ನೂ ಬರೆಯುತ್ತೇನೆ. ರೂಪನಗುಡಿಯ ಹುಣಸೆಮರದ ಕೆಳಗೆ, ಮೂರು ಕಲ್ಲು ಇಟ್ಟಿದೆ ಎಂದೆ. ನಮ್ಮ ಕೂಸಿನ ಮಣ್ಣನ್ನು ಅವಳಿಗೆ ಕೊಟ್ಟೆ. ರೊಟ್ಟಿ ಕಟ್ಟಿಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಹೆಸರು ಕೇಳಿದೆ. ಓಬುಲಮ್ಮ ಎಂದಳು. ನನಗೆ ಕೈ ಮುಗಿದಳು, ಮಣ್ಣು ಮಾಡಿದಿರಲ್ಲ ಎಂದು.

ಪ್ರತಿ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ರೂಪನಗುಡಿಗೆ ಹೋಗುತ್ತೇನಲ್ಲ, ಹಳೆಯ ಹೊಲ ನೋಡಲು ಎಂದು ನಿಮಗೆ ಹೇಳಿ? ಹೊಲ ನೋಡಲು ಅಲ್ಲ. ಮೊಮ್ಮಗಳ ಮಣ್ಣು ನೋಡಲು. ಮೊದಲ ಸಲ ಹೋದಾಗ ಮೂರು ಕಲ್ಲಿನ ಮೇಲೆ ಗಾಜಿನ ಬಳೆ ಇದ್ದವು. ಕೂಸಿನ ಬಳೆ, ನನ್ನ ಎರಡು ಬೆರಳು ಹಿಡಿಯುವಷ್ಟು. ಮಾರನೇ ವರ್ಷವೂ ಇದ್ದವು, ಸ್ವಲ್ಪ ದೊಡ್ಡವು. ಅದರ ಮಾರನೇ ವರ್ಷ ಇನ್ನೂ ದೊಡ್ಡವು. ಆಗ ತಿಳಿಯಿತು, ಅವಳು ಸತ್ತ ಮಗಳನ್ನು ವರ್ಷ ವರ್ಷ ಬೆಳೆಸುತ್ತಿದ್ದಾಳೆ ಎಂದು. ಇಲ್ಲಿ ಇವಳಿಗೆ ನಾನು ತೊಡಿಸುವ ಅಳತೆ, ಅಲ್ಲಿ ಕಲ್ಲಿನ ಮೇಲೆ ಅದೇ ಅಳತೆ. ಅವಳು ಹುಣ್ಣಿಮೆಯ ದಿನ ಬರುತ್ತಾಳೆ ಎಂದು ಊರವರು ಹೇಳಿದರು. ಅದಕ್ಕೇ ನಾನು ಮರುದಿನ ಹೋಗುತ್ತಿದ್ದೆ. ತಪ್ಪಿಯೂ ಹುಣ್ಣಿಮೆಯ ದಿನ ಹೋಗಲಿಲ್ಲ.

ಹೋದ ವರ್ಷ ಇದ್ದದ್ದು ಹಸಿರು ಬಳೆ. ತುಂಬಿದ ಬಸುರಿಗೆ ಇಡುವಂಥವು. ಲೆಕ್ಕ ಹಾಕಿದ್ದಾಳೆ ಅವಳು. ಈ ವರ್ಷ ನಾವು ಇಡಬೇಕೆಂದಿದ್ದ ಕುಬುಸದ ಬಳೆಯನ್ನು ಆ ತಾಯಿ ವರ್ಷ ಮೊದಲೇ ಇಟ್ಟಿದ್ದಳು. ಅದನ್ನು ನೋಡಿ ಬಂದಮೇಲೂ ನಾನು ಬಾಯಿ ಬಿಡಲಿಲ್ಲ.

ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ಯೋಚಿಸಿದೆ. ಕೂಸು ಹುಟ್ಟಲಿ ಎಂದು ಕಾದೆ. ಬಾಣಂತಿಗೆ ಇಂಥ ಮಾತು ಹೇಳಬಾರದು ಎಂದು ಇನ್ನೆಂಟು ದಿನ ತಳ್ಳಿದೆ. ಕಡೆಗೆ ನಿನಗೆ ಬರೆಯುವ ಮೊದಲು ಕೊಟ್ರಬಸಮ್ಮನಿಗೇ ಹೇಳಿದೆ. ನೀನು ಮಾಡಿದ ತಪ್ಪು ಅದೇ ನೋಡು, ಅವಳ ಮಾತನ್ನು ಅವಳಿಗಿಂತ ಮೊದಲು ಓಣಿಗೆ ಹೇಳಿದೆ. ನಾನು ಮಾಡಿದ್ದು ಅದಕ್ಕಿಂತ ದೊಡ್ಡದು. ನಿನ್ನನ್ನು ಬೈಯಲು ನನಗೆ ಬಾಯಿ ಇರಲಿಲ್ಲ. ಇದ್ದ ಬಾಯಿಯನ್ನು ಸುಮ್ಮನೆ ಇಡಲು ಬಾರದೆ ಬೈದೆ.

ಅವಳು ಕೂಸಿಗೆ ಹಾಲು ಕೊಡುತ್ತಿದ್ದಳು. ಎಲ್ಲ ಕೇಳಿದಳು. "ಆಕಿ ಹೆಸರೇನಂದಿ?" ಎಂದಳು. ಹೇಳಿದೆ. ಎಡಗೈ ನನ್ನ ಮುಂದೆ ಹಿಡಿದಳು.

"ಚೇಳು ಎಲ್ಲಿತ್ತು, ತೋರ್ಸು."

ಬಿಸಿಲಿಗೆ ಹಿಡಿದು, ಬಳ್ಳಿಯ ಮೂರನೇ ಎಲೆಯ ಕೆಳಗೆ ಅದರ ಕೊಂಡಿಯನ್ನು ಉಗುರಿನಿಂದ ತೋರಿಸಿದೆ. ನೋಡುವವರಿಗೆ ಈಗಲೂ ಕಾಣುತ್ತದೆ.

"ನಮ್ಮವ್ವ ಯಾರದೋ ಮಣ್ಣಿನ ಮ್ಯಾಲ ಕುಂತು ನನಗೋಸ್ಕರ ಅತ್ತಾಳ. ವರ್ಷಾ ವರ್ಷಾ ಅತ್ತಾಳ. ನೀನು ಮರುದಿನ ಹೋಗಿ ಬಳಿ ಎಣಿಸಿ ಬಂದಿ," ಎಂದಳು.

"ಹೌದು," ಎಂದೆ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಊಟ ಮಾಡುತ್ತಾಳೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ, ಬೇಕಾದ್ದನ್ನು ಸಾವಂತ್ರಮ್ಮನ ಕೈಲಿ ಹೇಳಿಸುತ್ತಾಳೆ. ಹಾಗೆ ಹೇಳಿಸಿದ ಮೊದಲ ಮಾತು, "ಕೂಸಿನ ಹೆಸರು ಈಗ ಇಡೂದು ಬ್ಯಾಡ. ಆಕಿ ಬಂದು ಇಡ್ಲಿ." ನಾನು ಅಡ್ಡ ಮಾತಾಡಲಿಲ್ಲ. ನನ್ನ ಜೀವಮಾನದಲ್ಲಿ ಇದೇ ಮೊದಲು ಎಂದು ನಿನ್ನ ತಾಯಿ ಅಂದಳು.

ವಿರೂಪಾಕ್ಷಪ್ಪ ಮೊನ್ನೆ ಬಂದಿದ್ದ, ಅಪ್ಪನಿಗೆ ಹೇಳದೆ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅರ್ಧ ದಿನ ಕಟ್ಟೆಯ ಮೇಲೆ ಕೂತಿದ್ದ. ಅವನಿಗೂ ಎಲ್ಲ ಹೇಳಿದೆ. "ಅಪ್ಪ ಒಂದ್ ಬಾಯಿ ಕೇಳ್ಯಾನ್ರಿ. ಆ ಬಾಯಿ ಐತೆಂದ್ರ ನಾನ ಕರಕೊಂಡು ಹೋಗಿ ಅಪ್ಪನ ಮುಂದ ನಿಂದ್ರಸ್ತೀನಿ," ಎಂದ. ಕಲ್ಲು ಒಡೆಯುವವಳ ಮಾತಿಗೆ ಚಿದಾನಂದಪ್ಪ ಏನೆನ್ನುತ್ತಾನೋ ನಾನು ಹೇಳಲಾರೆ. ಯಾರ ಮಗಳಾದರೂ ಸಾಕು ಎಂದ ಮಾತು ಅವನದೇ. ಅದನ್ನು ಅವನ ಕಟ್ಟೆಯ ಮೇಲೆ ಕೂತೇ ಅವನಿಗೆ ನೆನಪು ಮಾಡುತ್ತೇನೆ. ಅಷ್ಟು ನಾಲಿಗೆ ಇನ್ನೂ ಉಳಿದಿದೆ.

ಆ ಪುಸ್ತಕದಲ್ಲಿ ಏನೂ ಹೊಡೆದು ಹಾಕಬೇಡ. ಗೊತ್ತಿಲ್ಲ ಎಂದು ಬರೆದವನು ನೀನು, ನಿನಗೆ ಗೊತ್ತಿರಲಿಲ್ಲ, ಅದು ನಿಜವೇ. ಗೊತ್ತಿದ್ದವಳು ನಾನು. ನನ್ನನ್ನು ಆ ಸರಕಾರ ಕೇಳಲಿಲ್ಲ, ಕೇಳಿದ್ದರೂ ಸುಳ್ಳು ಹೇಳುತ್ತಿದ್ದೆ.

ಈ ಸಲ ಹುಣ್ಣಿಮೆಯ ಮರುದಿನ ಹೋಗುವುದಿಲ್ಲ. ಎರಡು ದಿನ ಮೊದಲೇ ಪಕ್ಕೀರಪ್ಪನ ಬಂಡಿ ಕಟ್ಟಿಸುತ್ತೇನೆ. ಕೊಟ್ರಬಸಮ್ಮ ಬರುತ್ತಾಳೆ, ಕೂಸು ಬರುತ್ತದೆ. ಹುಣಸೆಮರದ ಕೆಳಗೆ ಕೂತು ಕಾಯುತ್ತೇವೆ. ಓಬುಲಮ್ಮ ಬಂದಾಗ ಮೊದಲು ಮಾತಾಡಬೇಕಾದವಳು ನಾನು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಜಲ್ಲಿಯ ರಾಶಿಯಿಂದ ಆ ಕೂಸಿನ ಕೈ ಹಿಡಿದು ಎಬ್ಬಿಸಿದವನು ನೀನು. ತಿರುಗಿ ಕೊಡುವಾಗಲೂ ನೀನು ಇರಬೇಕು.

ರಜೆ ಕೇಳು. ಕೊಡದಿದ್ದರೆ ಹೇಳದೆ ಬಾ. ಬರುತ್ತೇನೋ ಇಲ್ಲವೋ ಎಂದು ಜ್ಯೇಷ್ಠ ಮಾಸ ಹುಟ್ಟುವ ಮೊದಲು ಜವಾಬು ಬರೆ. ಕಾರ್ಡಿನಲ್ಲೇ ಬರೆ, ಯಾರು ಓದಿದರೂ ನನಗಿನ್ನು ಚಿಂತೆಯಿಲ್ಲ.

ಚನ್ನವೀರಮ್ಮ